ನೀರು ತಂದಿಟ್ಟ ಮಣ್ಣು

ನಮ್ಮ ಕಡೆ ಸಾವಿನ ಮನೆಯಲ್ಲಿ ಅಳು ಒಂದು ಹದಕ್ಕೆ ಬಂದ ಮೇಲೆ ಗಂಡಸರು ಹಾರೆ ಹುಡುಕಲು ಎದ್ದು ಹೋಗುತ್ತಾರೆ. ಬಂಗಾರಪೇಟೆಯಿಂದ ಬೇತಮಂಗಲದ ಕಡೆಗೆ ಹೋಗುವ ದಾರಿಯಲ್ಲಿರುವ ಊರು ನಮ್ಮದು. ಸತ್ತವರನ್ನು ನಾವು ಸುಡುವುದಿಲ್ಲ, ಅವರವರ ಹೊಲದಲ್ಲೇ ಮಣ್ಣು ಮಾಡುತ್ತೇವೆ. ಆದ್ದರಿಂದ ಆ ದಿನ ಮನೆಯವರಿಗೆ ಎದುರಾಗುವ ಮೊದಲ ಕೆಲಸ ನೆಲವನ್ನು ತೆರೆಯುವುದು. ನಮ್ಮ ನೆಲ ಸುಲಭವಾಗಿ ತೆರೆದುಕೊಳ್ಳುವಂಥದ್ದಲ್ಲ. ಮೇಲೆ ಒಂದು ಮೊಳ ಕೆಂಪು ಮಣ್ಣು, ಅದರ ಕೆಳಗೆ ಗರಸು, ಗರಸಿನ ಕೆಳಗೆ ಬಂಡೆ. ಕೆಲವು ಹೊಲಗಳಲ್ಲಿ ಬಂಡೆಯೇ ಮೇಲೆದ್ದು ಬಂದು, ಬಿಸಿಲಿಗೂ ಮಳೆಗೂ ಈರುಳ್ಳಿ ಸಿಪ್ಪೆಯ ಹಾಗೆ ಪದರ ಬಿಡುತ್ತಾ ಮಲಗಿರುತ್ತದೆ.

ನನ್ನ ಹೆಂಡತಿ ಸಂಕ್ರಾಂತಿ ಕಳೆದ ಮೇಲೆ ಹೋದಳು. ಹಿಂದಿನ ದಿನ ಎದೆ ಉರಿ ಎಂದಿದ್ದಳು. ಗ್ಯಾಸಿರಬೇಕು ಎಂದು ತಾನೇ ಸೋಡಾ ತರಿಸಿ ಕುಡಿದಳು. ಬೆಳಗ್ಗೆ ಎರಡು ಹಸುಗಳ ಹಾಲು ಕರೆದಳು. ನಾನು ಕ್ಯಾನು ಹಿಡಿದು ಡೇರಿಗೆ ಹೋಗಿ ಬರುವಷ್ಟರಲ್ಲಿ ಕೊಟ್ಟಿಗೆಯ ಕಂಬಕ್ಕೆ ಒರಗಿ ಕೂತಿದ್ದಳು. ಕೈಗೆ ಮೆತ್ತಿದ ಸೆಗಣಿ ಇನ್ನೂ ಒಣಗಿರಲಿಲ್ಲ. ಹಸು ಅವಳ ಸೆರಗನ್ನು ನೆಕ್ಕುತ್ತಿತ್ತು. ಅದನ್ನು ತಳ್ಳುತ್ತಿಲ್ಲವಲ್ಲ ಎಂದುಕೊಂಡು ಹತ್ತಿರ ಹೋದೆ.

ಹೊಲದ ಮೇಲುಭಾಗದಲ್ಲಿ, ನನ್ನ ಅಪ್ಪನ ಸಮಾಧಿಯ ಪಕ್ಕ ಗುಂಡಿ ತೋಡಲು ಶುರು ಮಾಡಿದರು. ಮೊಣಕಾಲಷ್ಟು ಇಳಿಯುವಾಗ ಹಾರೆ ಠಣ್ ಎಂದಿತು. ಪಕ್ಕಕ್ಕೆ ಸರಿದು ತೋಡಿದರು, ಅಲ್ಲೂ ಅದೇ ಸದ್ದು. ಬಿಸಿಲೇರುತ್ತಿತ್ತು. ಹೆಂಡತಿಯ ತಮ್ಮ, ನನ್ನ ಬಾವಮೈದ, ಜೆಸಿಬಿ ಓಡಿಸುವವನು. ಸುತ್ತಿನ ಊರುಗಳಲ್ಲಿ ಪಾಯ, ಬಾವಿ, ಕೃಷಿ ಹೊಂಡ ಏನು ತೋಡಬೇಕಾದರೂ ಅವನನ್ನೇ ಕರೆಯುತ್ತಾರೆ. ಗಾಡಿ ಅಲ್ಲೇ ರಸ್ತೆಯಲ್ಲಿ ನಿಂತಿತ್ತು.

“ತಂದು ಎರಡು ಏಟು ಆಕ್ಸಲಾ, ಅರ್ಧ ಗಂಟೆ ಕೆಲ್ಸ” ಎಂದರು ಯಾರೋ.

“ನನ್ ಗಾಡಿ ಬಕೆಟ್ಟಿನ ಅಲ್ಲು ನಮ್ಮಕ್ಕನ್ ಗುಂಡಿಗೆ ಆಕಲ್ಲ” ಎಂದ ಅವನು. “ಮನುಷ್ಯರ ಕೈಯಾಗೆ ಆಗ್ಬೇಕು.”

ಅವನು ಹೇಳಿದ್ದು ನಮ್ಮಲ್ಲಿ ಎಲ್ಲರೂ ಒಪ್ಪುವ ಮಾತೇ. ಈಗೀಗ ಕೆಲವರು ಯಂತ್ರ ತರಿಸುತ್ತಾರೆ, ಆದರೆ ಅದನ್ನು ಹಿಂದಿನಿಂದ ಆಡಿಕೊಳ್ಳುತ್ತಾರೆ. ಮಣ್ಣು ಮಾಡುವ ಕೆಲಸಗಳಿಗೆಲ್ಲ ಮುಂದೆ ನಿಲ್ಲುವ ಊರಿನ ಹಿರಿಯ ಒಬ್ಬರಿದ್ದಾರೆ. ಅವರು ಕೋಲೂರಿಕೊಂಡು ಹೊಲದ ಕೆಳಭಾಗಕ್ಕೆ ನಡೆದರು. ಅಲ್ಲಿ ಮಳೆನೀರು ಹರಿಯುವ ಕೊರಕಲು ಇದೆ. ತೆಲುಗಿನವರ ಮಾತು ಹಿಡಿದು ನಾವು ಅದನ್ನು ವಂಕ ಎನ್ನುತ್ತೇವೆ. ವಂಕದಿಂದ ಒಂದಷ್ಟು ಮಾರು ಈಚೆಗೆ ನಿಂತು, “ಇಲ್ಲಿ ಆಕ್ರಪ್ಪಾ” ಎಂದರು.

ಹಾರೆ ಸದ್ದಿಲ್ಲದೆ ಇಳಿಯಿತು. ತೋಡುವವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೊಂಟದ ಮಟ್ಟ ಆಯಿತು, ಎದೆಯ ಮಟ್ಟ ಆಯಿತು, ಒಂದು ಕಲ್ಲೂ ಸಿಗಲಿಲ್ಲ.

“ಪುಣ್ಯಾತ್ಗಿತ್ತಿ ಕಣಪ್ಪಾ” ಎಂದರು ಹಿರಿಯರು. “ಭೂಮ್ತಾಯಿ ಬೆಣ್ಣೆ ಬಿಟ್ಟಂಗೆ ಬಿಡ್ತಾವ್ಳೆ.”

ಬಾವಮೈದ ಗುಂಡಿಯೊಳಗಿಂದಲೇ ಬೆವರು ಒರೆಸಿಕೊಂಡು, “ನಿಂಗೆ ತೋಡೋವಾಗ ಡೈನಮೈಟ್ ಇಡ್ಬೇಕಾಗ್ತೈತೆ ನೋಡು ತಾತ” ಎಂದ.

“ಅದುಕ್ಕೇ ಕಣ್ಲಾ ನಾನು ಓಗ್ದಂಗೆ ಇರೋದು.”

ಸಾವಿನ ದಿನವೂ ಹಾಗೆ ನಗು ಬರುತ್ತದೆ. ನಾನೂ ನಕ್ಕೆನೇನೋ. ಮಣ್ಣು ಸುಲಭವಾಗಿ ಬಿಟ್ಟುಕೊಟ್ಟರೆ ಸತ್ತವರು ಪುಣ್ಯ ಮಾಡಿದವರು, ಬಂಡೆ ಅಡ್ಡ ಬಂದರೆ ಏನೋ ಉಳಿಸಿಕೊಂಡು ಹೋದವರು ಎನ್ನುವುದು ನಮ್ಮ ಕಡೆಯ ನಂಬಿಕೆ. ಮೇಲೆ ಎರಡು ಸಲ ಬಂಡೆ ಸಿಕ್ಕಾಗ ಹೆಂಗಸರ ಗುಂಪಿನಲ್ಲಿ ಗುಸುಗುಸು ಎದ್ದದ್ದು ನನಗೆ ಕೇಳಿಸಿತ್ತು. ಕೆಳಗೆ ಮಣ್ಣು ಬಿಟ್ಟಾಗ ಅದು ನಿಂತಿತು. ಅವಳನ್ನು ತೆಂಕಲಿಗೆ ತಲೆ ಮಾಡಿ ಮಲಗಿಸಿದೆವು. ಕಾಲು ವಂಕದ ಕಡೆಗೆ. ಹಿಡಿ ಹಿಡಿ ಮಣ್ಣು ಹಾಕಿದೆವು. ಕೈಗೆ ಬಂದ ಮಣ್ಣು ಜರಡಿ ಹಿಡಿದ ರಾಗಿ ಹಿಟ್ಟಿನಂತೆ ನುಣ್ಣಗಿತ್ತು.

ಹಾಲು-ತುಪ್ಪದ ದಿನ ಬಂದವರೆಲ್ಲ ಆ ಪುಣ್ಯದ ಮಾತನ್ನೇ ಹೇಳಿದರು. ಆಂಡರ್ಸನ್‌ಪೇಟೆಗೆ ಕೊಟ್ಟಿರುವ ನನ್ನ ಮಗಳು ಅದನ್ನು ಕೇಳಿಸಿಕೊಂಡೇ ಊಟಕ್ಕೆ ಕೂತಳು, ಅಲ್ಲಿಯವರೆಗೆ ಅನ್ನ ಮುಟ್ಟಿರಲಿಲ್ಲ. ವರ್ಷ ತುಂಬಿದ ಮೇಲೆ ಸಮಾಧಿ ಕಟ್ಟಿಸಿ ಕಲ್ಲು ನಿಲ್ಲಿಸಬೇಕೆಂದು ಹೇಳಿ ಹೋದಳು. ಆಮೇಲೆ ದಿನಾ ಸಂಜೆ ಫೋನು ಮಾಡಿದಾಗ ಮೊದಲು ಕೇಳುತ್ತಿದ್ದುದು ಒಂದೇ.

“ಅಮ್ಮನ್ ಅತ್ರ ಓಗಿದ್ದಾ?”

“ಓಗಿದ್ದೆ ಕಣಮ್ಮ.”

“ಎಂಗವ್ಳೆ?”

ಮೊದಮೊದಲು ಊಟ ಆಯ್ತಾ ಎಂದು ಮಾತು ಬದಲಿಸುತ್ತಿದ್ದೆ. ಆಮೇಲೆ “ಚೆನ್ನಾಗವ್ಳೆ” ಎನ್ನುವುದು ರೂಢಿಯಾಯಿತು.

ನಾನು ಹತ್ತನೆಯ ತರಗತಿಯವರೆಗೆ ಓದಿದವನು. ರಾಬರ್ಟ್‌ಸನ್‌ಪೇಟೆಯ ಒಂದು ಕಬ್ಬಿಣ, ಸಿಮೆಂಟಿನ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಅಂಗಡಿಗೆ ಹೋಗಿಬರುವಾಗ ಬಸ್ಸಿನ ಕಿಟಕಿಯಿಂದ ಗಣಿಯ ಗುಡ್ಡಗಳು ಕಾಣುತ್ತವೆ. ಆಳದಿಂದ ತೆಗೆದ ಕಲ್ಲನ್ನು ಪುಡಿ ಮಾಡಿ, ಚಿನ್ನ ತೆಗೆದುಕೊಂಡು, ಮಿಕ್ಕಿದ್ದನ್ನು ಸುರಿದ ಗುಡ್ಡಗಳು. ಬುಡದಿಂದ ನೆತ್ತಿಯವರೆಗೆ ಮಳೆ ಕೊರೆದ ಗೆರೆಗಳಿವೆ. ಎಷ್ಟೋ ವರ್ಷ ನೋಡಿದ್ದರೂ ನನಗೆ ಅವು ಬರೀ ಗೆರೆಗಳಾಗಿದ್ದವು. ಅವಳು ತೀರಿಕೊಂಡ ವರ್ಷದ ಮುಂಗಾರಿನಲ್ಲಿ ಗಮನಿಸಿದೆ. ನೀರು ಮೇಲಿನಿಂದ ಕೆಳಕ್ಕೆ ಹರಿಯುತ್ತದೆ, ಆದರೆ ಕೊರಕಲು ಕೆಳಗಿನಿಂದ ಮೇಲಕ್ಕೆ ಬೆಳೆಯುತ್ತದೆ. ಬುಡದಲ್ಲಿ ಮಣ್ಣು ಜಾರಿದರೆ ಅದರ ಮೇಲಿನದು ನಿಲ್ಲಲಾರದೆ ಜಾರುತ್ತದೆ, ಆಮೇಲೆ ಅದರ ಮೇಲಿನದು. ಹೀಗೆ ಅದು ಗುಡ್ಡ ಹತ್ತುತ್ತದೆ. ಅಂಥ ಗೆರೆಯೊಂದನ್ನು ನಮ್ಮ ಹೊಲದಲ್ಲಿ ಕಂಡದ್ದರಿಂದಲೇ ನನ್ನ ಕಣ್ಣು ಗುಡ್ಡದ ಕಡೆ ಹೋದದ್ದು.

ಆ ಸಲ ಮುಂಗಾರಿನ ಮೊದಲ ದೊಡ್ಡ ಮಳೆಗೆ ವಂಕದ ದಂಡೆಯಲ್ಲಿ ಒಂದು ಎತ್ತಿನ ಗಾಡಿಯಷ್ಟು ಮಣ್ಣು ಕುಸಿದಿತ್ತು. ನೋಡಲು ಕೆಳಗಿಳಿದೆ. ಹೊಸದಾಗಿ ತೆರೆದ ದಂಡೆಯ ಗೋಡೆ ನನ್ನ ಎದುರಿಗೆ ನಿಂತಿತ್ತು. ಮೇಲೆ ನುಣುಪಾದ ಕೆಂಪು, ಅದರ ಕೆಳಗೆ ಒಂದು ಗೇಣು ಮರಳು, ಮರಳಿನ ಕೆಳಗೆ ಹುರಿಗಡಲೆಯಷ್ಟು ದಪ್ಪದ ಬೆಣಚುಕಲ್ಲುಗಳ ಸಾಲು, ಮತ್ತೆ ಕೆಂಪು, ಮತ್ತೆ ಮರಳು. ಕೆಂಪಿನ ನಡುವೆ ಒಂದು ಮಡಕೆಯ ಚೂರು ಅಂಟಿಕೊಂಡಿತ್ತು. ಸಂತೆಯಲ್ಲಿ ಮಡಿಸಿ ಜೋಡಿಸಿಟ್ಟ ಸೀರೆಗಳ ಅಂಚಿನಂತೆ ಒಂದರ ಮೇಲೊಂದು.

ಆ ಚೂರನ್ನು ಕಿತ್ತು ಕೈಯಲ್ಲಿ ತಿರುಗಿಸಿ ನೋಡಿದೆ. ಈ ಮಣ್ಣು ಈ ಜಾಗದ್ದಲ್ಲ. ಮೇಲಿನ ಹೊಲಗಳಿಂದ, ಬಂಡೆಗಳ ಮೈಯಿಂದ, ಯಾರದೋ ಹಿತ್ತಲಿನಿಂದ ಯಾವ ಕಾಲದಲ್ಲೋ ನೀರು ಹೊತ್ತು ತಂದು, ಇಲ್ಲಿ ವಂಕದ ತಿರುವಿನಲ್ಲಿ ದಣಿದು ಇಳಿಸಿ ಹೋದದ್ದು. ಅದಕ್ಕೇ ಅಲ್ಲಿ ಕಲ್ಲಿಲ್ಲ. ಅದಕ್ಕೇ ಹಾರೆ ಇಳಿಯಿತು. ನಾವು ಪುಣ್ಯ ಎಂದು ತಿಳಿದದ್ದು ಹೂಳು. ತಂದ ನೀರೇ ಈಗ ಅದನ್ನು ವಾಪಸು ಕೇಳಲು ಬಂದಿತ್ತು.

ಬಾವಮೈದನನ್ನು ಕರೆಸಿ ತೋರಿಸಿದೆ. ಅವನು ದಂಡೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು ಬೀಡಿ ಹಚ್ಚಿದ.

“ಇನ್ನೂ ದೂರ ಐತಲ್ಲ ಬಾವ.”

“ಓದ ವರ್ಸ ಇನ್ನೂ ದೂರ ಇತ್ತು.”

“ಕಲ್ಲು ತಂದು ಸುರೀತೀನಿ ಬಿಡು. ಅದ್ಯಾವ್ ನೀರು ಬತ್ತೈತೋ ನೋಡೇ ಬಿಡಾನ.”

ಅವನು ಹೇಳಿದಂತೆ ಮಾಡಿದ. ಕ್ವಾರಿಯ ದಪ್ಪ ಕಲ್ಲುಗಳನ್ನು ಟ್ರಾಕ್ಟರಿನಲ್ಲಿ ತಂದು, ತನ್ನ ಯಂತ್ರದಿಂದಲೇ ದಂಡೆಯ ಬುಡಕ್ಕೆ ಒತ್ತಿ ನಿಲ್ಲಿಸಿದ. ನಾನು ಸಿಮೆಂಟಿನ ಖಾಲಿ ಚೀಲಗಳಿಗೆ ಮರಳು ತುಂಬಿ ಇಟ್ಟೆ. ಲಕ್ಕಿ ಗಿಡ, ಕತ್ತಾಳೆ ನೆಟ್ಟೆ. ಮುಂದಿನ ಮಳೆಗೆ ನೀರು ಕಲ್ಲಿಗೆ ಡಿಕ್ಕಿ ಹೊಡೆದು, ಸುಳಿ ತಿರುಗಿ, ಕಲ್ಲಿನ ಹಿಂದಿನ ಮಣ್ಣನ್ನು ತಿಂದಿತು. ಕಲ್ಲುಗಳು ಒಂದೊಂದಾಗಿ ವಂಕದೊಳಗೆ ಉರುಳಿ ನಿಂತವು. ಅವುಗಳಿಂದಾಗಿ ನೀರು ನಮ್ಮ ಕಡೆಗೇ ಇನ್ನಷ್ಟು ಒತ್ತತೊಡಗಿತು.

ಅಷ್ಟರಲ್ಲಿ ನಾನು ಇನ್ನೊಂದನ್ನು ಕಂಡುಕೊಂಡಿದ್ದೆ. ಮಳೆ ಸುರಿಯುವಾಗ ದಂಡೆ ಬೀಳುವುದಿಲ್ಲ. ವಂಕದ ತುಂಬ ನೀರಿರುವಾಗ ಆ ನೀರೇ ದಂಡೆಗೆ ಆಸರೆ ಕೊಟ್ಟು ನಿಂತಿರುತ್ತದೆ. ಮಳೆ ನಿಂತು, ನೀರು ಇಳಿದು, ಬಿಸಿಲು ಬಂದ ಮೇಲೆ, ನೆನೆದು ಭಾರವಾದ ಮಣ್ಣಿಗೆ ಒರಗಲು ಏನೂ ಇಲ್ಲದಾದಾಗ ಅದು ಬೀಳುತ್ತದೆ. ಬೀಳುವ ಮುಂಚೆ ಅಂಚಿನಿಂದ ಒಂದು ಮೊಳ ಒಳಗೆ ಕೂದಲೆಳೆಯಂಥ ಬಿರುಕು ಕಾಣಿಸಿಕೊಳ್ಳುತ್ತದೆ. ದಿನಾ ಸಂಜೆ ಬಸ್ಸಿಳಿದವನು ಮನೆಗೆ ಹೋಗದೆ ನೇರ ಅಲ್ಲಿಗೆ ಹೋಗಿ ಬಿರುಕು ಹುಡುಕುತ್ತಿದ್ದೆ. ಆಮೇಲೆ ಮಗಳ ಫೋನು ಬರುತ್ತಿತ್ತು. “ಚೆನ್ನಾಗವ್ಳೆ” ಎನ್ನುತ್ತಿದ್ದೆ.

ಅವಳನ್ನು ಅಲ್ಲಿಂದ ಎತ್ತಬೇಕೆಂದು ನಾನು ಹೇಳಿದಾಗ ಹಿರಿಯರು ಕೋಲೂರಿಕೊಂಡು ದಂಡೆಯವರೆಗೆ ನಡೆದು ನೋಡಿ ಬಂದರು.

“ಎತ್ತಬೌದು” ಎಂದರು ಕೊನೆಗೆ. “ಮೂಳೆ ಎತ್ತಿ ಬೇರೆ ಕಡೆ ಇಟ್ಟಿರೋರು ಅವ್ರೆ. ಆದ್ರೆ ವರ್ಸ ತುಂಬ್ದೆ ಮಣ್ಣು ಮುಟ್ಟಂಗಿಲ್ಲ. ಅವ್ಳಿನ್ನೂ ದಾರಿಯಾಗವ್ಳೆ. ಈಗ ಕೆದಕಿದ್ರೆ ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ.”

ಬಾವಮೈದನೂ ಅದೇ ಹೇಳಿದ. “ವರ್ಸ ತುಂಬ್ಲಿ ಬಾವ. ಸಂಕ್ರಾಂತಿ ಆಗಿದ್ದೇ ನಾನೇ ನನ್ ಕೈಯಾರೆ ಎತ್ತಿ ಮೇಲಕ್ಕೆ ತಂದಿಕ್ತೀನಿ. ನಿಮ್ಮಪ್ಪನ ಪಕ್ಕಾನೇ.”

“ಅಲ್ಲಿ ಬಂಡೆ.”

“ಬಂಡೇನೇ ವಾಸಿ. ಅದು ಎಲ್ಲಿಗೂ ಓಗಲ್ಲ.”

ಕೆಲಸವಿಲ್ಲದ ದಿನಗಳಲ್ಲಿ ಅವನು ಬಂದು ಅಪ್ಪನ ಸಮಾಧಿಯ ಪಕ್ಕದ ಬಂಡೆಯನ್ನು ಒಡೆಯತೊಡಗಿದ. ಯಂತ್ರ ಮುಟ್ಟಿಸಲಿಲ್ಲ. ಬಂಡೆಯ ಮೇಲೆ ಸೌದೆ ಹರಡಿ ಬೆಂಕಿ ಹಾಕುವುದು, ಕಲ್ಲು ಕಾದು ಒಳಗಿನ ಪದರ ಬಿಟ್ಟುಕೊಂಡಾಗ ಮೇಲಿನಿಂದ ಸುತ್ತಿಗೆಯ ಏಟು ಹಾಕುವುದು. ಏಟಿನ ಸದ್ದು ಗಟ್ಟಿಯಾಗಿದ್ದರೆ ಇನ್ನೂ ಸೌದೆ, ಟೊಳ್ಳಾಗಿದ್ದರೆ ಚಪ್ಪಡಿ ಎದ್ದಿದೆ ಎಂದು ಲೆಕ್ಕ. ನಾನು ಸೌದೆ ಹೊತ್ತೆ, ಅವನು ಏಟು ಹಾಕಿದ. ಆಷಾಢದ ಗಾಳಿಗೆ ಹೊಗೆ ಮುಖಕ್ಕೇ ಬರುತ್ತಿತ್ತು. ಇಬ್ಬರೂ ಅಳುವುದಿದ್ದರೆ ಅಲ್ಲೇ ಅತ್ತೆವು, ಹೊಗೆಯ ಹೆಸರಿನಲ್ಲಿ. ದಸರೆ ಹೊತ್ತಿಗೆ ಬಂಡೆಯೊಳಗೆ ಒಬ್ಬರು ಮಲಗುವಷ್ಟು ತೊಟ್ಟಿ ಆಯಿತು. ಅವನು ಅದರೊಳಗಿಳಿದು ಕಾಲು ಚಾಚಿ ಮಲಗಿ ನೋಡಿ, “ಅಕ್ಕ ನನ್ಗಿಂತ ಕುಳ್ಳಿ. ಸಾಕು” ಎಂದ.

ಸಂಕ್ರಾಂತಿಯವರೆಗೆ ದಂಡೆ ನಿಂತರೆ ಸಾಕಿತ್ತು.

ಕಾರ್ತಿಕದಲ್ಲಿ ಮದರಾಸಿನ ಕಡೆಯಿಂದ ಬಂದ ಮಳೆ ಬಿಡದೆ ಹಿಡಿಯಿತು. ಸದ್ದು ಮಾಡದ ಮಳೆ. ಗುಡುಗಿಲ್ಲ, ಗಾಳಿಯಿಲ್ಲ, ನಿಲ್ಲುವುದೂ ಇಲ್ಲ. ಬಸ್ಸುಗಳು ನಿಂತವು. ನಾನು ಗೋಣಿಚೀಲ ತಲೆಗೆ ಹಾಕಿಕೊಂಡು ಹೊಲದಲ್ಲೇ ಇದ್ದೆ. ಬಾವಮೈದ ಬಂದು ಜೊತೆಗೆ ನಿಂತ. ವಂಕ ದಂಡೆಯ ಅಂಚಿಗೆ ಸಮನಾಗಿ, ರಾಗಿ ಅಂಬಲಿಯ ಬಣ್ಣದಲ್ಲಿ ಹೋಗುತ್ತಿತ್ತು. ಈಗ ಎತ್ತಿಬಿಡೋಣ ಎಂದು ಒಂದು ಸಲ ಅವನೇ ಅಂದ. ಎತ್ತುವುದು ಹೇಗೆ? ಗುದ್ದಲಿ ಹಾಕಿದ ಕಡೆಯೆಲ್ಲ ಕೆಸರು ಮತ್ತೆ ಕೂಡಿಕೊಳ್ಳುತ್ತಿತ್ತು. ಕಲ್ಲಿಲ್ಲದ ಮಣ್ಣು ಈಗ ಗುಂಡಿಯನ್ನೂ ಹಿಡಿಯುತ್ತಿರಲಿಲ್ಲ.

ಮಳೆ ನಿಂತಿತು. ಮರುದಿನ ಬೆಳಗ್ಗೆ ತೊಳೆದಂಥ ಬಿಸಿಲು. ಸಮಾಧಿಯ ಮಣ್ಣಿನ ದಿಬ್ಬ ಕರಗಿ ಚಪ್ಪಟೆಯಾಗಿತ್ತು, ಆದರೆ ಅಲ್ಲೇ ಇತ್ತು. ಬಾವಮೈದ ಫ್ಲಾಸ್ಕಿನಲ್ಲಿ ಟೀ ತಂದಿದ್ದ.

“ನೋಡು, ಗಟ್ಟಿಗಿತ್ತಿ ನಮ್ಮಕ್ಕ” ಎಂದ. “ನಿನ್ನಂಥೋನ್ ಜೊತೆ ಅಷ್ಟು ವರ್ಸ ಬಾಳಿದ್ಮೇಲೆ ಇದ್ಯಾವ್ ಮಳೆ ಅವ್ಳಿಗೆ.”

ನಾನು ಟೀ ಕುಡಿಯಲಿಲ್ಲ. ನೆಲ ನೋಡುತ್ತಿದ್ದೆ. ಬಿರುಕು ಅಂಚಿನಲ್ಲಿರಲಿಲ್ಲ. ಅವಳ ತಲೆಯ ಕಡೆಗೆ, ನಾವು ನಿಂತ ಜಾಗದಿಂದ ಸ್ವಲ್ಪವೇ ಮುಂದೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಬೆರಳು ತೂರುವಷ್ಟು ಅಗಲವಾಗಿತ್ತು.

“ಹಿಂದಕ್ಕೆ ಬಾ” ಎಂದೆ.

ದಂಡೆ ಮುರಿದು ಬೀಳಲಿಲ್ಲ. ವಯಸ್ಸಾದವರು ನೆಲಕ್ಕೆ ಕೂರುವಾಗ ಕೂರುತ್ತಾರಲ್ಲ, ಹಾಗೆ, ನಿಧಾನವಾಗಿ, ಇಡೀ ತುಂಡು ಕೂತಿತು. ಮೇಲಿನ ಹುಲ್ಲು, ನಾನು ನೆಟ್ಟ ಲಕ್ಕಿ ಗಿಡ, ಎಲ್ಲ ನೆಟ್ಟಗೆ ನಿಂತ ಹಾಗೇ ಕೆಳಗೆ ಹೋದವು. ವಂಕದ ನೀರು ಇಳಿದಿದ್ದರೂ ಸೊಂಟದ ಮಟ್ಟಕ್ಕಿತ್ತು, ರಭಸವಾಗಿತ್ತು. ತುಂಡು ನೀರಿಗೆ ತಾಗಿದ್ದೇ ಸಕ್ಕರೆಯ ಅಚ್ಚಿನಂತೆ ಬಿಚ್ಚಿಕೊಂಡಿತು. ಬಾವಮೈದ ಹಾರಿದ. ನಾನೂ ಇಳಿದೆ. ಅಲ್ಲಿ ಕಂಡದ್ದನ್ನು ಬರೆಯಲಾರೆ. ಅವನ ಕೈಗೆ ಏನೂ ಸಿಗಲಿಲ್ಲ, ನನ್ನ ಕೈಗೂ ಸಿಗಲಿಲ್ಲ ಎಂದಷ್ಟೇ ಬರೆಯುತ್ತೇನೆ.

ವಂಕ ಹಿಡಿದು ನಡೆದೆವು. ಅದು ನಮ್ಮೂರ ಕೆರೆಗೆ ಸೇರುತ್ತದೆ. ಕೆರೆ ತುಂಬಿ ಕೋಡಿ ಬಿದ್ದಿತ್ತು. ಎಷ್ಟೋ ವರ್ಷದ ಮೇಲೆ ತುಂಬಿದ ಕೆರೆ. ಊರಿಗೆ ಊರೇ ಕೋಡಿಯ ಮೇಲಿತ್ತು. ಹೆಂಗಸರು ಅರಿಶಿನ ಕುಂಕುಮ, ಹೂವು, ಬಳೆ ಬಿಡುತ್ತಿದ್ದರು. ಹಿರಿಯರು ಗಂಗಮ್ಮನಿಗೆ ತೆಂಗಿನಕಾಯಿ ಒಡೆಯುತ್ತಿದ್ದರು. ಕೆಸರಿನಲ್ಲಿ ಕುತ್ತಿಗೆಯವರೆಗೆ ಮುಳುಗೆದ್ದ ನಮ್ಮಿಬ್ಬರನ್ನು ನೋಡಿ ಅವರ ಕೈ ನಿಂತಿತು. ಹಿಂದಿನವರಿಗೆ ವಿಷಯ ತಿಳಿಯದೆ ತಮಟೆ ಮಾತ್ರ ಬಡಿಯುತ್ತಲೇ ಇತ್ತು. ಕೆರೆಯ ಬಾಯಲ್ಲಿ, ವಂಕ ಬಂದು ಸೇರುವ ಕಡೆ, ಹೊಸ ಕೆಂಪು ಮಣ್ಣು ಬೀಸಣಿಗೆಯ ಹಾಗೆ ಹರಡಿ ನಿಂತಿತ್ತು. ನುಣ್ಣನೆಯ ಮಣ್ಣು. ಅದರಾಚೆ ಕೋಡಿಯ ನೀರು ಪಾಲಾರು ಹೊಳೆಯ ಕಡೆಗೆ ಹೋಗುತ್ತಿತ್ತು.

ಆಮೇಲಿನ ದಿನಗಳಲ್ಲಿ ಕೆರೆಯ ಅಂಚಿನಲ್ಲಿ ಹುಡುಕಿದೆವು. ಬಾವಮೈದ ಜನರನ್ನು ಕರೆದುಕೊಂಡು ಬಂದ. ಹಿರಿಯರು ಒಂದು ದಿನ ನನ್ನ ಪಕ್ಕ ಬಂದು ಕೂತು, “ಆ ಜಾಗ ತೋರ್ಸಿದ್ದು ನಾನೇ ಅಲ್ವಾ” ಎಂದರು. ನಮ್ಮೂರಿನ ಯಾರನ್ನು ಕೇಳಿದ್ದರೂ ಹಾರೆ ಇಳಿಯುವ ಜಾಗವನ್ನೇ ತೋರಿಸುತ್ತಿದ್ದರು. ವರ್ಷದ ಕಾರ್ಯ ಎಲ್ಲಿ ಮಾಡುವುದು ಎಂದು ಅವರನ್ನು ಕೇಳಿದೆ. ಹಾಲು ಹುಯ್ಯಲು ಒಂದು ಜಾಗ ಬೇಕಲ್ಲ.

ಮಗಳಿಗೆ ಫೋನಿನಲ್ಲಿ ಹೇಳಲು ಆಗಲಿಲ್ಲ. ಅಷ್ಟೂ ದಿನ “ಚೆನ್ನಾಗವ್ಳೆ” ಎಂದೇ ಹೇಳಿದೆ. ಬಸ್ಸು ಓಡತೊಡಗಿದ ಮೇಲೆ ಆಂಡರ್ಸನ್‌ಪೇಟೆಗೆ ಹೋದೆ. ಅವರ ಬೀದಿಗೆ ಅಂದು ನಲ್ಲಿ ನೀರು ಬಂದಿತ್ತು. ಮಗಳು ಬಾಗಿಲಲ್ಲಿ ಕೊಡಗಳ ಸಾಲಿನ ನಡುವೆ ನಿಂತಿದ್ದಳು.

“ಬಾಪ್ಪಾ. ಏನಿವತ್ತು ಅಂಗ್ಡಿ ಇಲ್ವಾ?” ಎಂದು ಒಳಗೆ ಕರೆದು ಚಾಪೆ ಹಾಕಿದಳು. ಒಂದು ಲೋಟ ನೀರು ತಂದಳು. “ಬೇತಮಂಗಲದ್ದು. ಮಳೆ ಬಂದಾಗಿಂದ ಇಂಗೇ ಕೆಂಪಗೆ ಬತ್ತೈತೆ. ಸೋಸಿ ಕಾಯಿಸಿದೀನಿ, ಕುಡಿ.”

ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ನಮ್ಮ ಕೆರೆಯ ಕೋಡಿ ಪಾಲಾರಿಗೆ, ಪಾಲಾರು ಬೇತಮಂಗಲದ ಕೆರೆಗೆ, ಅಲ್ಲಿಂದ ಪೈಪಿನಲ್ಲಿ ಇಲ್ಲಿಗೆ. ಸೋಸಿದ ಮೇಲೂ ನೀರಿಗೆ ಸ್ವಲ್ಪ ಬಣ್ಣವಿತ್ತು. ಲೋಟದ ತಳದಲ್ಲಿ ಉಗುರಿನಷ್ಟು ಮಂದ ಕೆಂಪು ಆಗಲೇ ಇಳಿಯುತ್ತಿತ್ತು. ತುಟಿಯವರೆಗೆ ತಂದೆ. ಕುಡಿಯಲು ಆಗಲಿಲ್ಲ. ಕೆಳಗಿಡಲೂ ಆಗಲಿಲ್ಲ.

ಮಗಳು ನನ್ನ ಮುಖ ನೋಡಿದಳು. ಲೋಟ ನೋಡಿದಳು.

“ಅಮ್ಮನ್ ಅತ್ರ ಓಗಿದ್ದಾ?” ಎಂದಳು.

ನಾನು ತಲೆಯಾಡಿಸಿದೆ, ಇಲ್ಲ ಎಂದು.

ಅವಳು ಗೋಡೆ ಹಿಡಿದು ಮೆಲ್ಲನೆ ನೆಲಕ್ಕೆ ಕೂತಳು. “ವಂಕ ತಕ್ಕೊಂಡೋಯ್ತಾ?” ಎಂದಳು, ದಂಡೆ ಕುಸಿಯುತ್ತಿರುವುದನ್ನು ಅವಳ ಸೋದರಮಾವ ಮೊದಲೇ ಹೇಳಿದ್ದ. ಹೊರಗೆ ಕೊಡ ತುಂಬಿ, ನೀರು ಹೊಸ್ತಿಲ ಮೇಲೆ ಹರಿದು ಬೀದಿಗೆ ಬೀಳುತ್ತಿತ್ತು. ಎದುರುಮನೆಯ ತಮಿಳು ಹೆಂಗಸು “ತಣ್ಣಿ ಪೋವುದು ಪಾರುಮ್ಮಾ, ನೀರು ಓಗ್ತೈತೆ, ನಲ್ಲಿ ಮುಚ್ಚು” ಎಂದು ಕೂಗಿದಳು. ನಾವಿಬ್ಬರೂ ಏಳಲಿಲ್ಲ. ಅವಳು ಮತ್ತೆ ಕೂಗಿ, ಗೊಣಗುತ್ತಾ ಬಂದು ತಾನೇ ನಲ್ಲಿ ಮುಚ್ಚಿ, ಏನೋ ಬೈಯಲು ಒಳಗೆ ಬಗ್ಗಿದವಳು ನಮ್ಮನ್ನು ನೋಡಿ ಅಲ್ಲೇ ನಿಂತಳು.